ಮಗ್ಗದ ಓಣಿಯ ದನಿ

ಗೋಡೆಗೂ ಕಿವಿಯಿರುತ್ತದೆ ಎಂದು ಹಿರಿಯರು ಹೇಳಿದ್ದು ಎಚ್ಚರಿಕೆಗಾಗಿ. ಸರ್ಕಾರ ಅದನ್ನೊಂದು ಯೋಜನೆ ಮಾಡಿತು. ಪ್ರೌಢಶಾಲೆಗಳ ಎಲ್ಲ ತರಗತಿಗಳಲ್ಲೂ ಕರಿಹಲಗೆಯ ಪಕ್ಕ ಅಂಗೈಯಗಲದ ಬೂದು ಬಣ್ಣದ ಬಿಲ್ಲೆಯೊಂದು ಬಂದು ಕುಳಿತಿತು. ಕಡತಗಳಲ್ಲಿ ಅದರ ಹೆಸರು 'ಅಂತರಂಗ'. ನಮ್ಮ ಕಡೆಯ ಮಕ್ಕಳು ಅದನ್ನು ಕರೆದದ್ದು 'ಗ್ವಾಡಿ ಕಿವಿ' ಎಂದು. ಹೆಸರಿಡುವ ಕೆಲಸವನ್ನು ಮಕ್ಕಳಿಗೇ ಬಿಟ್ಟಿದ್ದರೆ ಒಂದು ಸಮಿತಿಯ ಚಹಾದ ಖರ್ಚಾದರೂ ಉಳಿಯುತ್ತಿತ್ತು.

ಕಿವಿಯ ಕೆಲಸ ಸರಳ. ಬೆಳಿಗ್ಗೆ ಹಾಜರಿ ಕರೆಯುವಾಗ ಮಕ್ಕಳು 'ಹಾಜರ್' ಎನ್ನುತ್ತಾರಲ್ಲ, ಅದಕ್ಕೆ ಆ ಒಂದು ಮಾತು ಸಾಕು. ಮನಸ್ಸು ಕುಸಿಯುವಾಗ ಎಲ್ಲಕ್ಕಿಂತ ಮೊದಲು ಕುಸಿಯುವುದು ದನಿ. ಮುಖಕ್ಕೆ ನಗು ಅಂಟಿಸಿಕೊಳ್ಳಬಹುದು, ಪ್ರಶ್ನಾವಳಿ ಕೊಟ್ಟರೆ ಸುಳ್ಳು ಬರೆಯಬಹುದು, ದನಿಯನ್ನು ಮಾತ್ರ ದಿನವೂ ತಿದ್ದಿಕೊಳ್ಳುವುದು ಕಷ್ಟ. ಅದು ಸಣ್ಣದಾಗುತ್ತದೆ, ಹೆಸರು ಕರೆದದ್ದಕ್ಕೂ ಉತ್ತರಕ್ಕೂ ನಡುವಿನ ಎಡೆ ಬೆಳೆಯುತ್ತದೆ. ಕಿವಿ ಮಾತಿನ ಅರ್ಥವನ್ನು ಕೇಳುವುದಿಲ್ಲ, ಅದರ ಆಕಾರವನ್ನಷ್ಟೇ ಅಳೆಯುತ್ತದೆ. ಮಹಾನಗರದ ಸಾವಿರಾರು ಮಕ್ಕಳ ದನಿ ಕೇಳಿಸಿ ಅದಕ್ಕೆ ಪಾಠ ಹೇಳಿಕೊಟ್ಟಿದ್ದರು. ಚೆನ್ನಾಗಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಅಪಾಯವಿದ್ದರೆ ಕೆಂಪು. ಕೆಂಪು ಬಂತೆಂದರೆ ಮನೆಯವರನ್ನು ಕರೆಸುತ್ತಾರೆ, ಮನೋವೈದ್ಯರು ಬರುತ್ತಾರೆ.

ಹೀಗೆ ಜಿಲ್ಲೆಯ ಮಕ್ಕಳ ಮನಸ್ಸುಗಳೆಲ್ಲ ಬಣ್ಣದ ಚುಕ್ಕೆಗಳಾಗಿ ಬಂದು ಬೀಳುತ್ತಿದ್ದದ್ದು ನಾನು ಕೂರುತ್ತಿದ್ದ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ. ನಾನು ಕಸ್ತೂರಿ. ಚುಕ್ಕೆ ಕಾಯುವುದು ನನ್ನ ಉದ್ಯೋಗ. ಜಿಲ್ಲಾ ಕೇಂದ್ರದ ಹೊಸ ಬಡಾವಣೆಯಲ್ಲಿ, ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಎಮ್ಮೆಗಳ ಹಿಂಡೇ ಹಾಯ್ದುಹೋಗುವಷ್ಟು ಜಾಗವಿರುವ ಕಡೆ, ಒಬ್ಬಳೇ ಇದ್ದೇನೆ. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ಹಾಲಿನವನು ಬರುವವರೆಗೆ ಬಾಯಿ ತೆರೆಯುವ ಸಂದರ್ಭವಿಲ್ಲ. ಒಮ್ಮೆ ತಮಾಷೆಗೆ ನನ್ನ ದನಿಯನ್ನೇ ಕಿವಿಗೆ ಕೇಳಿಸಿದ್ದೆ. ಹಳದಿ ಬಂತು. ಸಹೋದ್ಯೋಗಿಗಳು ನಕ್ಕರು, ನಾನೂ ನಕ್ಕೆ. ಆಮೇಲೆ ಆ ವಿಷಯವನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಮ್ಮ ಪರದೆಯ ಮೇಲೆ ಎಲ್ಲ ಊರುಗಳೂ ಕಲಸುಮೇಲೋಗರ. ಪರೀಕ್ಷೆ ಬಂದರೆ ಹಳದಿ, ಫಲಿತಾಂಶ ಬಂದರೆ ಕೆಂಪು. ಸಿದ್ದನಹಟ್ಟಿ ಎಂಬ ನೇಕಾರರ ಊರು ಮಾತ್ರ ಸದಾ ಹಸಿರು. ವರ್ಷವಿಡೀ ಅಲ್ಲಿ ಒಂದೇ ಒಂದು ಹಳದಿ ಚುಕ್ಕೆಯಿಲ್ಲ. ರಾಜ್ಯಕ್ಕೇ ಮಾದರಿ ಎಂದು ಅಲ್ಲಿನ ಪ್ರೌಢಶಾಲೆಗೆ ಪ್ರಶಸ್ತಿ ಘೋಷಣೆಯಾಯಿತು, ಮಂತ್ರಿಗಳು ಬರುವುದೂ ಗೊತ್ತಾಯಿತು. ಬೆಂಗಳೂರಿನಿಂದ ಯೋಜನೆಯ ಮುಖ್ಯಸ್ಥ ವಾದಿರಾಜ್ ಪರದೆಯ ಮೇಲೆ ಬಂದರು. ನನಗಿಂತ ಚಿಕ್ಕವರು, ಒಳ್ಳೆಯವರು, ಯಾವಾಗ ನೋಡಿದರೂ ನಿದ್ದೆಗೆಟ್ಟ ಕಣ್ಣು.

"ಮೇಡಂ, ಸಮಾರಂಭಕ್ಕೆ ಮುಂಚೆ ನೀವೊಂದ್ಸಲ ಹೋಗಿ ಬನ್ನಿ. ಆ ಮಕ್ಕಳು ಅಷ್ಟು ಖುಷಿಯಾಗಿರೋದಕ್ಕೆ ಏನು ಕಾರಣ ಅಂತ ತಿಳ್ಕೊಂಡು ಬಂದ್ರೆ ಬೇರೆ ಊರುಗಳಿಗೂ ಹೇಳಬಹುದು" ಎಂದರು.

ಸಂತೋಷದ ಗುಟ್ಟು ತರಲು ಹಳದಿ ಹೆಂಗಸನ್ನು ಕಳಿಸುತ್ತಿದ್ದಾರಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಸಿದ್ದನಹಟ್ಟಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಖಟಖಟ ಖಟಖಟ. ಮನೆಮನೆಯಲ್ಲೂ ಪಾವರ್‌ಲೂಮು, ಅದೂ ಹಳೆಯ ಲಾಳಿ ಮಗ್ಗ. ಗೋಡೆಗೆ ಗೋಡೆ ಅಂಟಿದ ಮನೆಗಳು. ಓಣಿಯಲ್ಲಿ ನಡೆದರೆ ನೆಲದ ನಡುಕ ಚಪ್ಪಲಿಯೊಳಗಿನಿಂದ ಮೊಣಕಾಲಿಗೆ ಏರುತ್ತದೆ. ಊರ ಹಿಂದಿನ ಗುಡ್ಡದ ತುಂಬ ಸೂರ್ಯಫಲಕಗಳು, ಅದರ ಬುಡದಲ್ಲಿ ದೊಡ್ಡ ಬ್ಯಾಟರಿ ಮನೆ. 'ನಿರಂತರ ಬೆಳಕು' ಯೋಜನೆ ಬಂದ ಮೇಲೆ ಅಲ್ಲಿ ಕರೆಂಟು ಹೋಗುವುದೇ ನಿಂತುಹೋಗಿದೆ. ಹೀಗಾಗಿ ಮಗ್ಗಗಳೂ ನಿಲ್ಲುವುದಿಲ್ಲ. ಗಂಡ ಮಲಗಿದಾಗ ಹೆಂಡತಿ, ಹೆಂಡತಿ ಅಡುಗೆಗೆ ಹೋದಾಗ ಮಕ್ಕಳು, ಹೀಗೆ ಪಾಳಿಯ ಮೇಲೆ ನಡೆಯುತ್ತದೆ.

ಮುಖ್ಯೋಪಾಧ್ಯಾಯಿನಿ ಮಹಾನಂದಾ ಅಕ್ಕೋರು ನನ್ನನ್ನು ಹಾರ ಹಾಕಿ ಬರಮಾಡಿಕೊಂಡರು. "ಮೊದಲ ಭಾಳ ತ್ರಾಸ ಇತ್ತ್ರಿ ಮೇಡಂ. ತಾಸಿಗೊಮ್ಮೆ ಕರೆಂಟ್ ಹೋಗೂದು, ಮಂದಿ ಎಲ್ಲಾ ಕಟ್ಟೀ ಮ್ಯಾಲೆ ಕುಂತು ಹರಟೀ ಹೊಡಿಯೂದು. ಈಗ ನೋಡ್ರಿ, ಒಂದ ಹರಟಿ ಇಲ್ಲ, ಒಂದ ಜಗಳ ಇಲ್ಲ. ಎಲ್ಲಾರೂ ತಮ್ಮ ತಮ್ಮ ಕೆಲಸದಾಗ" ಎಂದು ಹೆಮ್ಮೆಯಿಂದ ಹೇಳಿದರು.

ಹತ್ತನೆಯ ತರಗತಿಯ ಹಾಜರಿಗೆ ನಾನೂ ಹೋಗಿ ಕುಳಿತೆ. ಹೆಸರು ಕರೆಯುವುದೇ ತಡ, 'ಹಾಜರ್ ರೀ!' ಎಂದು ಸಿಡಿಯುವ ಉತ್ತರ. ತಡವರಿಕೆಯಿಲ್ಲ, ಎಳೆತವಿಲ್ಲ. ಗೋಡೆಯ ಕಿವಿ ಪ್ರತಿ ಉತ್ತರಕ್ಕೂ ಹಸಿರು ಮಿನುಗಿಸಿತು. ನನ್ನ ಕೊರಳಲ್ಲಿ ತಪಾಸಣೆಗೆಂದು ತಂದ ಅದೇ ಜಾತಿಯ ಚಿಕ್ಕ ಕಿವಿ ನೇತಾಡುತ್ತಿತ್ತು, ಅದೂ ಹಸಿರೇ. ಎಲ್ಲರಿಗಿಂತ ಗಟ್ಟಿ ಹಸಿರು ದಾನೇಶ್ವರಿ ಕೊಣ್ಣೂರ ಎಂಬ ಹುಡುಗಿಯದು. ಎಣ್ಣೆ ಹಾಕಿ ಬಿಗಿದು ಕಟ್ಟಿದ ಎರಡು ಜಡೆ, ಚೂಪು ಗದ್ದ. ಮಂತ್ರಿಗಳ ಕೈಯಿಂದ ಪ್ರಶಸ್ತಿ ತೆಗೆದುಕೊಂಡು ಮಕ್ಕಳ ಪರವಾಗಿ ಭಾಷಣ ಮಾಡುವವಳೂ ಅವಳೇ.

"ನಮ್ಮ ದಾನು ಅಂದ್ರ ಸಾಲೀ ದೀಪ ಇದ್ದಂಗ್ರಿ" ಎಂದರು ಅಕ್ಕೋರು. "ಮೇಡಮ್ಮಾರನ್ನ ಮನಿಗೆ ಊಟಕ್ಕ ಕರಕೊಂಡು ಹೋಗವಾ. ಮಂದಿ ಮನಿ ನೋಡಿದ್ರ ಅವರಿಗೂ ತಿಳೀತೈತಿ."

ದಾನು ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಅಂಕಣದ ತುಂಬ ಮಗ್ಗಗಳು, ಅವುಗಳ ಆಚೆ ಅಡುಗೆಮನೆ. ತಂದೆ ಪಂಡಿತಪ್ಪ ಒಂದು ಮಗ್ಗದ ಮುಂದೆ, ತಾಯಿ ನಿಂಬೆಕ್ಕ ಇನ್ನೊಂದರ ಮುಂದೆ. ನಾನು ನಮಸ್ಕಾರ ಎಂದದ್ದು ನನಗೇ ಕೇಳಿಸಲಿಲ್ಲ. ನಿಂಬೆಕ್ಕ ನನ್ನ ತುಟಿಯ ಕಡೆ ನೋಡಿ ಕೈಮುಗಿದು, ಮಗಳಿಗೆ ಬೆರಳು ಮಡಚಿ ಬಾಯಿಯ ಹತ್ತಿರ ಒಯ್ದು ತೋರಿಸಿದಳು. ಬಡಿಸು ಎಂದರ್ಥ. ಆ ಮನೆಯ ಮಾತೆಲ್ಲ ಹೀಗೆ ಕೈಸನ್ನೆ, ಇಲ್ಲವೆ ತುಟಿಯೋದು. ನೂಲು ಹರಿಯಿತು ಎಂಬುದಕ್ಕೆ ಎರಡು ಬೆರಳು ಬಿಡಿಸುವುದು. ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿಯಿತು ಎಂಬುದಕ್ಕೆ ಹೆಬ್ಬೆರಳು ತಿರುಗಿಸುವುದು. ನೀರು ಬಂತು, ಯಾರೋ ಬಂದರು, ಅನ್ನ ಉಕ್ಕಿತು, ಎಲ್ಲದಕ್ಕೂ ಸನ್ನೆಯಿತ್ತು. ದಾನು ಬಿಸಿ ರೊಟ್ಟಿ, ಝುಣಕ, ಹಸಿ ಮೆಂತೆ ಸೊಪ್ಪು ಬಡಿಸಿ ಎದುರು ಕುಳಿತು ಉಂಡಳು. ತಾಯಿ ಒಮ್ಮೆ ತಿರುಗಿ ಮಗಳ ತಾಟಿನಲ್ಲಿ ರೊಟ್ಟಿಯಿದೆಯೇ ಎಂದು ನೋಡಿ ಮತ್ತೆ ಮಗ್ಗಕ್ಕೆ ತಿರುಗಿದಳು. ಪ್ರೀತಿಯಿಲ್ಲದ ಮನೆ ಎನ್ನುವಂತಿರಲಿಲ್ಲ. ಆದರೆ ನನ್ನ ಖಾಲಿ ಮನೆಯಲ್ಲಿ ಕೂತು ಉಣ್ಣುವಾಗ ಆಗುವಂಥದೇ ಒಂದು ಸಂಕಟ ಆ ತುಂಬಿದ ಮನೆಯಲ್ಲೂ ಆಯಿತು.

ಊಟ ಮುಗಿಸಿ ಶಾಲೆಗೆ ಹಿಂದಿರುಗುವಾಗ ದಾನು ಊರಾಚೆಯ ಬಯಲಿನ ದಾರಿ ಹಿಡಿದಳು. ಸಪ್ಪಳ ಹಿಂದೆ ಸರಿದು, ಬರಬರುತ್ತ ಗಾಳಿಯ ಸದ್ದು ಕೇಳಿಸುವಷ್ಟಾಯಿತು. ಅವಳು ಮಾತ್ರ ತನ್ನ ಭಾಷಣದ ವಿಷಯವನ್ನು ಕೂಗಿಕೂಗಿ ಹೇಳುತ್ತಲೇ ಇದ್ದಳು.

"ಹಗೂರಕ ಮಾತಾಡ ತಂಗಿ, ನಾ ಇಲ್ಲೇ ಬಾಜೂಕ ಅದೀನಿ" ಎಂದೆ.

"ಹಗೂರಕನ ಮಾತಾಡಾಕ ಹತ್ತೀನ್ರಿ ಅಕ್ಕಾರ!" ಎಂದು ಅವಳು ಕೂಗಿದಳು. ದೂರದಲ್ಲಿ ಮೇಯುತ್ತಿದ್ದ ಆಡೊಂದು ತಲೆಯೆತ್ತಿ ನೋಡಿತು. ನನಗೆ ನಗು ಬಂತು. ಒಂದೆರಡು ಹೆಜ್ಜೆ ನಡೆಯುವಷ್ಟರಲ್ಲಿ ನಗು ಹೋಯಿತು. ಬೆಳಿಗ್ಗೆ ತರಗತಿಯಲ್ಲಿ ನಾನು ಹುರುಪು ಎಂದು ತಿಳಿದದ್ದು ಇದನ್ನೇ ಅಲ್ಲವೇ ಎನ್ನಿಸಿತು. ಈ ಮಕ್ಕಳು ತೊಟ್ಟಿಲಿನಿಂದಲೇ ಮಗ್ಗದ ಸಪ್ಪಳವನ್ನು ಮೀರಿ ಕೂಗಿ ಬೆಳೆದವರು. ಇವರಿಗೆ ದನಿ ತಗ್ಗಿಸುವುದೇ ಗೊತ್ತಿಲ್ಲ, ಎಡೆ ಬಿಟ್ಟು ಮಾತಾಡುವುದೂ ಗೊತ್ತಿಲ್ಲ. ಎಡೆ ಬಿಟ್ಟರೆ ಆ ಎಡೆಯಲ್ಲಿ ಲಾಳಿ ಓಡುತ್ತದೆ.

"ಮನ್ಯಾಗ ಯಾರ ಕೂಡ ಮಾತಾಡ್ತಿ ನೀ?" ಎಂದು ಕೇಳಿದೆ.

"ಯಾರ ಕೂಡ ಮಾತಾಡೂದ್ರಿ? ಸಪ್ಪಳ ಇರ್ತೈತಲ್ರಿ."

"ಗೆಳತ್ಯಾರು?"

"ಅವರ ಮನ್ಯಾಗೂ ಮಗ್ಗ ಅದಾವ್ರಿ. ಸಾಲಿ ಬಿಟ್ಟಕೂಡಲೆ ಎಲ್ಲಾರೂ ಕಂಡಿಕಿ ಸುತ್ತಾಕ ಹೋಗ್ತಾರ್ರಿ." ಅವಳೇ ಮುಂದುವರಿಸಿದಳು. "ಬಾಜೂ ಮನಿ ಕಾಶವ್ವಜ್ಜಿ ತೀರಿಕೊಂಡಾಗ ಮಾತಾಡಿದ್ವಿ ನೋಡ್ರಿ. ಓಣ್ಯಾಗ ಹೆಣ ಇದ್ರ ಮಗ್ಗ ನಡಸಂಗಿಲ್ರಿ. ಹೆಣ ಎತ್ತೂತನಾ ಎಲ್ಲಾರೂ ನಿಲ್ಲಸ್ತಾರ. ಅವತ್ತ ನಮ್ಮವ್ವ ನನಗ ಹೆರಳ ಹಾಕಿದ್ಲ್ರಿ, ಹಾಕಕೋತ ಮಾತಾಡಿದ್ಲು. ತಾ ಸಣ್ಣಾಕಿ ಇದ್ದಾಗ ಹುಣಸೀ ಗಿಡ ಹತ್ತಿ ಇಳಿಯಾಕ ಬರದ ಅತ್ತಿದ್ದು ಹೇಳಿದ್ಲು. ನಮ್ಮವ್ವನ ದನಿ ಭಾಳ ಛಲೋ ಐತ್ರಿ ಅಕ್ಕಾರ. ನನಗ ಮರತ ಹೋಗಿತ್ತು."

"ಆಮ್ಯಾಲೆ?"

"ಆಮ್ಯಾಲೆ ಹೆಣ ಎತ್ತಿದ್ರು. ಮಗ್ಗ ಚಾಲೂ ಆದ್ವು." ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾ ಸತ್ರೂ ಒಂದಿನಾ ನಿಲ್ಲಸ್ತಾರಲ್ರಿ? ದಿನಾ ಅದನ್ನ ವಿಚಾರ ಮಾಡ್ತೀನ್ರಿ ನಾ. ಅವ್ವ ಅಪ್ಪ ಇಬ್ರೂ ನನ್ನ ಬಾಜೂಕ ಕುಂದರ್ತಾರ, ಮಾತಾಡ್ತಾರ, ಅಂತ."

ಗಟ್ಟಿ ದನಿ, ತಡವರಿಕೆಯಿಲ್ಲದ ಮಾತು, ಥೇಟ್ ಹಾಜರಿ ಹೇಳಿದ ಹಾಗೆ. ನನ್ನ ಕೊರಳಿನ ಕಿವಿ ಆ ಮಾತನ್ನು ಕೇಳಿ ಹಸಿರು ಮಿನುಗಿತು.

ಆ ಯಂತ್ರವನ್ನು ಕಿತ್ತು ಬಯಲಿಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಅವಳ ಕೈ ಹಿಡಿದುಕೊಂಡು ನೇರವಾಗಿ ಕೇಳಿದೆ. ಇಂಥ ಹೊತ್ತಿನಲ್ಲಿ ಸುತ್ತುಬಳಸಬಾರದೆಂದು ತರಬೇತಿಯಲ್ಲಿ ಹೇಳಿದ್ದರು. ಆ ತರಬೇತಿಯಲ್ಲಿ ಕಲಿತದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ.

"ಇವತ್ತ ಏನರ ಮಾಡ್ಕೋಬೇಕು ಅಂತ ಅನಿಸೈತೇನು ದಾನು?"

"ಇವತ್ತಲ್ರಿ" ಎಂದಳು. "ಬಹುಮಾನದ ಕಾರ್ಯಕ್ರಮ ಮುಗೀಲಿ ಅಂತ ಮಾಡೀನ್ರಿ. ಭಾಷಣ ಬಾಯಿಪಾಠ ಮಾಡೀನಿ. ಅಕ್ಕೋರಿಗೆ ಬ್ಯಾಸರ ಆಕ್ಕೈತಿ."

ಅವಳ ಕೈ ಬಿಡದೆ ಶಾಲೆಗೆ ಕರೆತಂದೆ. ಮಹಾನಂದಾ ಅಕ್ಕೋರಿಗೆ ವಿಷಯ ಹೇಳಿದೆ. ಅವರು ಮೊದಲು ನನ್ನನ್ನೂ ಆಮೇಲೆ ನನ್ನ ಕೊರಳಿನ ಹಸಿರನ್ನೂ ನೋಡಿದರು. ಕೊನೆಗೆ ಕುರ್ಚಿಯಿಂದೆದ್ದು ದಾನುವನ್ನು ತಮ್ಮ ಪಕ್ಕ ಕೂರಿಸಿಕೊಂಡರು. ನಾನು ಹೊರಗಿನ ಪಡಸಾಲೆಗೆ ಬಂದು ವಾದಿರಾಜರಿಗೆ ಕರೆ ಮಾಡಿದೆ.

"ಸರ್, ದಾನೇಶ್ವರಿ ಕೊಣ್ಣೂರ ಅನ್ನೋ ಹುಡುಗೀದು ಎಂಟನೇ ಇಯತ್ತೆಯಿಂದ ಇಲ್ಲೀತನಕದ ದನಿ ತೆಗೀರಿ. ಬೆಂಗಳೂರಿನ ಮಕ್ಕಳ ಜೊತೆ ಹೋಲಿಸಬ್ಯಾಡ್ರಿ. ಅವಳನ್ನ ಅವಳ ಜೊತೆಗೇ ಹೋಲಿಸ್ರಿ. ಗಟ್ಟಿತನ ಬಿಡ್ರಿ, ಎಡೆ ಬಿಡ್ರಿ, ಏರಿಳಿತ ಅಷ್ಟೇ ನೋಡ್ರಿ."

ಬೆಂಗಳೂರಿನ ಕಚೇರಿಯ ಗಣಕದ ಗುಂಯ್‌ಗುಡುವಿಕೆ ಫೋನಿನಲ್ಲಿ ಕೇಳುತ್ತಿತ್ತು. ಆಮೇಲೆ ವಾದಿರಾಜ್ ಉಸಿರೆಳೆದುಕೊಂಡದ್ದೂ ಕೇಳಿಸಿತು. ಅವಳ ದನಿಯ ಏರಿಳಿತ ತೋರಿಸುವ ಗೆರೆಯನ್ನು ಅವರು ನನ್ನ ಫೋನಿಗೂ ಕಳಿಸಿದರು. ಎಂಟನೆಯ ತರಗತಿಯಲ್ಲಿ ಅದು ಗುಡ್ಡಬೆಟ್ಟದ ಹಾಗೆ ಏರಿಳಿದಿತ್ತು. ನಿರಂತರ ಬೆಳಕು ಬಂದ ಮೇಲೆ ಗುಡ್ಡಗಳು ಸವೆಯುತ್ತ ಬಂದು, ಈಗ ರೊಟ್ಟಿ ಬಡಿಯುವ ಮಣೆಯಷ್ಟು ಚಪ್ಪಟೆ. ಒಂದು ಕಡೆ ಮಾತ್ರ ಸಣ್ಣ ಉಬ್ಬು. ತಾರೀಖು ನೋಡಿ ಒಳಗಿದ್ದ ಅಕ್ಕೋರನ್ನು ಕೇಳಿದೆ. ಅದು ಕಾಶವ್ವಜ್ಜಿ ಸತ್ತ ಮಾರನೆಯ ದಿನ.

"ಊರಿಗೆ ಊರೇ ಹೀಗಿದೆ ಮೇಡಂ" ಎಂದರು ವಾದಿರಾಜ್. ಅವರ ದನಿಯೂ ಕುಗ್ಗಿತ್ತು. "ಎಲ್ಲಾ ಮಕ್ಕಳದೂ ಚಪ್ಪಟೆ. ನಾವು ಅದನ್ನ ನೋಡ್ಲೇ ಇಲ್ಲ. ಗಟ್ಟಿಯಾಗಿದ್ರೆ ಸಾಕು ಅಂತ ಯಂತ್ರ ಒಪ್ಕೊಂಡುಬಿಟ್ಟಿದೆ."

"ಹಂಗಾದ್ರ ಕೆಂಪು ಹಚ್ಚಿ ಡಾಕ್ಟರನ್ನ ಕಳಿಸ್ರಿ."

"ಅದೇ ತೊಂದರೆ. ಕೆಂಪು ಹಚ್ಚೋ ಅಧಿಕಾರ ಮನುಷ್ಯರಿಗೆ ಕೊಟ್ಟಿಲ್ಲ ಮೇಡಂ. ಪಕ್ಷಪಾತ ಆಗಬಾರದು ಅಂತ ನಾವೇ ತೆಗೆದುಹಾಕಿದ್ವಿ. ಯಂತ್ರಕ್ಕೆ ಮತ್ತೆ ಪಾಠ ಹೇಳಿಸೋಕೆ ಮುಂದಿನ ಶೈಕ್ಷಣಿಕ ವರ್ಷ ಆಗುತ್ತೆ. ಸಮಾರಂಭ ಬೇರೆ ಇದೆ, ನಾನು ಮೇಲಿನವರಿಗೆ ಏನಂತ..."

"ಮುಂದಿನ ವರ್ಷ ಯಂತ್ರ ಕಲಿತೈತ್ರಿ. ಈ ಹುಡುಗಿ ಇರಬೇಕಲ್ಲ" ಎಂದು ಫೋನಿಟ್ಟೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಪೂರ್ತಿ ಆಗಲಿಲ್ಲ. ಬಾವಿಗೆ ಬಿದ್ದವರನ್ನು ಎತ್ತಲು ಹಗ್ಗ ತಂದು, ಹಗ್ಗ ಮುಟ್ಟಬೇಡಿ ಎಂದು ಫಲಕ ಹಾಕಿಕೊಂಡವರು ನಾವೆಲ್ಲರೂ. ಜಮಖಂಡಿಯಲ್ಲಿ ನನಗೆ ಪರಿಚಯದ ಮನೋವೈದ್ಯೆಯೊಬ್ಬರಿದ್ದಾರೆ. ಅವರಿಗೆ ನೇರ ಕರೆ ಮಾಡಿದೆ. "ನನಗ ಕೆಂಪು ಹಸಿರು ಏನೂ ಬ್ಯಾಡ, ನಾಳೆ ಮುಂಜಾನೆ ತಾಯಿ ತಂದಿ ಕೂಡ ಕರಕೊಂಡು ಬರ್ರಿ. ಅಲ್ಲೀತನಾ ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ್ರಿ" ಎಂದರು.

ತಾಯಿ ತಂದೆಗೆ ಹೇಳಬೇಕಿತ್ತು. "ನಾ ನಿಮ್ಮವ್ವಗ ಹೇಳ್ತೀನಿ, ಆಗಬಹುದೇನು?" ಎಂದು ದಾನುವನ್ನು ಕೇಳಿದೆ.

"ಹೇಳ್ರಿ. ಕೇಳಸಂಗಿಲ್ಲ ಅಕಿಗೆ" ಎಂದಳು. ಅದರಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಮನೆಯಲ್ಲಿ ನಿಂಬೆಕ್ಕ ಅದೇ ಮಗ್ಗದ ಮುಂದಿದ್ದಳು. ನಾನು ಹೊರಗೆ ಬರಬೇಕೆಂದು ಕೈಮಾಡಿದೆ. ಅವಳು ಮಗ್ಗದ ಮೇಲಿನ ಹಾಸುನೂಲನ್ನು ತೋರಿಸಿ, ಇಷ್ಟು ಮುಗಿಸಿ ಬರುವೆನೆಂದು ಸನ್ನೆ ಮಾಡಿದಳು. ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. "ಏನ್ರೀ?" ಎಂದು ಕೂಗಿದಳು. ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು. ಆದರೆ ಅಂಥ ಮಾತನ್ನು ಒಬ್ಬ ತಾಯಿಯ ಕಿವಿಯಲ್ಲಿ, ಮಗಳು ಬಾಗಿಲಲ್ಲಿ ನಿಂತಿರುವಾಗ, ಒದರಲು ನನ್ನಿಂದ ಆಗಲಿಲ್ಲ. ನಾನು ನಿಂಬೆಕ್ಕನ ಎದುರು ಬಂದು ನಿಂತೆ. ಅವಳ ಕಣ್ಣು ತಾನಾಗಿ ನನ್ನ ತುಟಿಗೆ ಬಂತು. ಸ್ವರವೇ ಹೊರಡಿಸದೆ ತುಟಿಯಾಡಿಸಿದೆ.

ನಿಮ್ಮ ಮಗಳು ಸಾಯಬೇಕು ಅಂತ ವಿಚಾರ ಮಾಡ್ಯಾಳ. ಸತ್ತರ ಮಗ್ಗ ನಿಲ್ತಾವು, ನೀವು ಆಕಿ ಕೂಡ ಮಾತಾಡ್ತೀರಿ ಅಂತ.

ನಿಂಬೆಕ್ಕ ಓದಿದಳು. ಇನ್ನೊಮ್ಮೆ ಹೇಳಿ ಎಂಬಂತೆ ಮುಖ ಮುಂದೆ ಮಾಡಿದಳು. ಇನ್ನೊಮ್ಮೆ ಹೇಳಿದೆ. ಅವಳ ಮಗ್ಗದಲ್ಲಿ ನೂಲು ಹರಿದು ಬಟ್ಟೆಯ ಮೇಲೆ ಬಿಳಿ ಗೆರೆ ಬೀಳತೊಡಗಿತ್ತು, ಅವಳು ನೋಡಲಿಲ್ಲ. ಕೈ ಚಾಚಿ ತನ್ನ ಮಗ್ಗ ನಿಲ್ಲಿಸಿದಳು. ಪಂಡಿತಪ್ಪ ಏನೆಂದು ತಲೆಯೆತ್ತುವಷ್ಟರಲ್ಲಿ ಅವರದನ್ನೂ ನಿಲ್ಲಿಸಿದಳು. ಆದರೂ ಸಪ್ಪಳ ಕಡಿಮೆಯಾದಂತೆ ಅನ್ನಿಸಲಿಲ್ಲ. ಎಡಗೋಡೆಯೂ ಬಲಗೋಡೆಯೂ ಖಟಖಟ ಎನ್ನುತ್ತಲೇ ಇದ್ದವು. ಮಗಳ ಎದುರು ನಿಂತು ನಿಂಬೆಕ್ಕ ಏನೋ ಕೇಳಿದಳು, ದಾನು ಏನೋ ಹೇಳಿದಳು, ಇಬ್ಬರಿಗೂ ಕೇಳಿಸಲಿಲ್ಲ. ಆ ತಾಯಿಯ ಮುಖ ನೋಡಲು ಆಗದೆ ನಾನು ತಲೆ ತಗ್ಗಿಸಿದೆ.

ಮರುಕ್ಷಣ ನಿಂಬೆಕ್ಕ ಮಗಳ ರಟ್ಟೆ ಹಿಡಿದುಕೊಂಡು ಓಣಿಗೆ ಇಳಿದಳು. ನಡು ಓಣಿಯಲ್ಲಿ ನಿಂತು ಎರಡೂ ಕೈಗಳನ್ನು ಮೇಲೆತ್ತಿ, ಅಂಗೈ ಕೆಳಗೆ ಮಾಡಿ, ನಿಧಾನವಾಗಿ ಇಳಿಸಿದಳು. ಮತ್ತೆ ಎತ್ತಿ ಇಳಿಸಿದಳು. ಎದುರು ಮನೆಯ ಕಿಟಕಿಯಲ್ಲಿ ಯಾರೋ ಅದನ್ನು ನೋಡಿ ತಾವೂ ಹಾಗೇ ಮಾಡಿ ಆಚೆ ಮನೆಗೆ ತೋರಿಸಿದರು. ಓಣಿಯಲ್ಲಿ ಜೀವ ಹೋದಾಗ ಮಾಡುವ ಸನ್ನೆ ಅದು. ಒಂದೊಂದಾಗಿ ಮಗ್ಗಗಳು ನಿಂತವು. ಓಣಿಯ ತುದಿಯ ಕೊನೆಯ ಮಗ್ಗವೂ ನಿಂತಾಗ ಕಿವಿಯೊಳಗೆ ಗುಂಯ್ ಎನ್ನುವುದಷ್ಟೇ ಉಳಿಯಿತು. ಎಲ್ಲಿಂದಲೋ ಒಂದು ಕೋಳಿ ಕೂಗಿದ್ದು ಕೇಳಿಸಿತು.

ಜನ ಹೊರಗೆ ಬಂದರು. ಹೆಂಗಸರು ಆಗಲೇ ಸೆರಗು ಬಾಯಿಗಿಟ್ಟುಕೊಂಡಿದ್ದರು. "ಯಾರ ಹೋದ್ರು ನಿಂಬೆಕ್ಕಾ?" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ಯಾರೂ ಹೋಗಿಲ್ಲ" ಎಂದಳು ನಿಂಬೆಕ್ಕ. ಅವಳಿಗೂ ದನಿ ತಗ್ಗಿಸಲು ಬರುತ್ತಿರಲಿಲ್ಲ. "ಹೋಗೂಕಿಂತ ಮೊದಲ ನಿಲ್ಲಸ್ರಿ ಅಂತ ಕೇಳಾಕ ಬಂದೀನಿ. ನನ್ನ ಮಗಳ ಮಾತು ನನಗ ಕೇಳಬೇಕಾಗೇತಿ."

ಗುಜುಗುಜು ಎದ್ದಿತು. ಸಾವಿಲ್ಲದೆ ಸಾವಿನ ಸನ್ನೆ ಮಾಡುವುದೆಂದರೆ ಸಾವನ್ನೇ ಕರೆದಂತೆ ಎಂದು ಒಬ್ಬ ಹಿರಿಯರು ಬೈದರು. "ಏನ್ ಹುಚ್ಚ ಹಿಡದೈತೇನು ಇಕಿಗೆ, ಸಂತಿಗೆ ಮಾಲು ಹೋಗೂದೈತಿ" ಎಂದ ಇನ್ನೊಬ್ಬ ಮಗ್ಗಕ್ಕೆ ಹಿಂದಿರುಗಲು ತಿರುಗಿದ. ಪಂಡಿತಪ್ಪ ನಾಚಿಕೆಯಿಂದ ಹೆಂಡತಿಯ ಸೆರಗು ಜಗ್ಗುತ್ತಿದ್ದರು. ದಾನುವಿನ ಮುಖ ಬಿಳಿಚಿಕೊಂಡಿತ್ತು. ಇವರೆಲ್ಲ ಈಗ ಒಳಗೆ ಹೋಗಿ ಗುಂಡಿ ಒತ್ತಿದರೆ ಈ ಹುಡುಗಿ ಇನ್ನೆಂದೂ ಬಾಯಿ ತೆರೆಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಆಗ ಬಾಜೂ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕ ಎದ್ದು ನಿಂತ. ಕಾಶವ್ವಜ್ಜಿಯ ಗಂಡ, ಗುರುಪಾದಪ್ಪಜ್ಜ.

"ನನ್ನಾಕಿ ಕಡೀ ದಿನ ಏನೋ ಹೇಳಾಕ ಹತ್ತಿದ್ಲು" ಎಂದ. "ನನಗ ಕೇಳಸಲಿಲ್ಲ. ಕಣ್ಣ ಮಸಕ ಆಗ್ಯಾವ, ತುಟಿ ಓದಾಕೂ ಬರಲಿಲ್ಲ. ನೀರ ಕೇಳತಾಳ ಅಂತ ನೀರ ಹಾಕಿದೆ. ಆಕಿ ಹೋದ ಮ್ಯಾಲೆ ನೀವೆಲ್ಲಾ ಮಗ್ಗ ನಿಲ್ಲಿಸಿದ್ರಿ. ನಿಲ್ಲಿಸಿ ಏನ್ ಬಂತು? ಈ ಹುಡುಗಿ ಇನ್ನಾ ಅದಾಳಲ್ಲ, ಈಗ ನಿಲ್ಲಸ್ರೋ."

ಬೈದ ಹಿರಿಯರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಗ್ಗಕ್ಕೆ ತಿರುಗಿದ್ದವನು ತನ್ನ ಹೊಸ್ತಿಲ ಮೇಲೆಯೇ ಕುಳಿತ. ಉಳಿದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಕಟ್ಟೆಗಳ ಮೇಲೆ ಕುಳಿತರು. ಎಷ್ಟೋ ಕಾಲದ ಮೇಲೆ ಕುಳಿತವರ ಹಾಗೆ, ಕೈ ಎಲ್ಲಿಡಬೇಕೆಂದು ತಿಳಿಯದೆ.

ನಿಂಬೆಕ್ಕ ಮಗಳನ್ನು ಒಳಗೆ ಕರೆದೊಯ್ದು ಮಗ್ಗಗಳ ನಡುವಿನ ನೆಲದ ಮೇಲೆ ಕೂರಿಸಿಕೊಂಡಳು. ನಾನು ಬಾಗಿಲ ಹೊರಗೇ ನಿಂತೆ. "ಹೇಳವಾ" ಎಂದಳು.

"ಏನ್ ಹೇಳ್ಲಿ!" ಎಂದಳು ದಾನು. ನಿಶ್ಶಬ್ದದಲ್ಲಿ ಆ ಕೂಗು ಓಣಿಯ ತುದಿಯವರೆಗೆ ಹೋಯಿತು. ತನ್ನ ದನಿ ಅಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಬೆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದಳು. ತಾಯಿ ಆ ಕೈಯನ್ನು ಮೆಲ್ಲನೆ ತೆಗೆದಳು.

ಬಹಳ ಹೊತ್ತಿನ ಮೇಲೆ ದಾನು ಇನ್ನೊಮ್ಮೆ ಬಾಯಿ ತೆರೆದಳು. ಈ ಸಲ ದನಿ ಸಣ್ಣದಾಗಿತ್ತು. ಒಡೆದಿತ್ತು. ಮಾತಿಗೂ ಮಾತಿಗೂ ನಡುವೆ ಉದ್ದುದ್ದ ಎಡೆಗಳಿದ್ದವು. "ನಾ ದೊಡ್ಡಾಕಿ ಆದಾಗ... ಅಂಜಿಕಿ ಬಂದು ನಿನ್ನ ಹಂತ್ಯಾಕ ಓಡಿ ಬಂದಿದ್ದೆ ಅವ್ವಾ. ನೀ ಏನಾತು ಅಂತ ಕೇಳಲಿಲ್ಲ. ನೂಲು ಹರೀತೇನು ಅಂತ ಎರಡ ಬೆರಳ ಬಿಡಿಸಿ ಕೇಳಿದಿ. ನಾ ಹೂಂ ಅಂದೆ."

ನಿಂಬೆಕ್ಕ ಮಗಳ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ದಾನುವೂ ಅತ್ತಳು. ನನ್ನ ಕೊರಳಿನ ಕಿವಿ ಕೆಂಪಾಯಿತು. ನೋಡುತ್ತಲೇ ಅದರ ಗುಂಡಿ ಒತ್ತಿ ಆರಿಸಿ ಚೀಲಕ್ಕೆ ಹಾಕಿದೆ. ನನ್ನ ಕಣ್ಣಲ್ಲೂ ನೀರಿತ್ತು. ಯಾರೂ ಗಮನಿಸಲಿಲ್ಲ. ಆ ಹೊತ್ತಿಗೆ ಅದೇ ಸರಿಯೆನ್ನಿಸಿತು.

ಅವಳು ಮಾತಾಡಿದಳು. ಶಾಲೆಯದು, ಬಹುಮಾನದ್ದು, ಕನಸಿನದು, ಅಜ್ಜಿಯದು. ಕೆಲವು ಮಾತು ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವುದೂ ನನ್ನ ಕೆಲಸವಾಗಿರಲಿಲ್ಲ. ಹೊರಗೆ ಬಿಸಿಲು ಇಳಿಯುತ್ತ ಬಂತು. ಓಣಿಯ ಜನ ಮೊದಮೊದಲು ಸುಮ್ಮನಿದ್ದವರು ತಮ್ಮ ತಮ್ಮಲ್ಲೇ ತಗ್ಗಿದ ದನಿಯಲ್ಲಿ ಏನೇನೋ ಆಡಿಕೊಳ್ಳತೊಡಗಿದ್ದರು.

ಪಂಡಿತಪ್ಪ ಅಷ್ಟೂ ಹೊತ್ತು ಗೋಡೆಗೆ ಒರಗಿ ನಿಂತೇ ಇದ್ದರು. ಮಗಳ ಮಾತು ನಿಂತಾಗ ಅವರು ಕೆಮ್ಮಿ, ಕಣ್ಣೊರೆಸಿಕೊಂಡು, ಅಭ್ಯಾಸದಂತೆ ಮಗ್ಗದ ಗುಂಡಿಯ ಹತ್ತಿರ ಹೋದರು. ಗುಂಡಿಯ ಮೇಲೆ ಬೆರಳಿಟ್ಟು ಹಿಂದಿರುಗಿ ನೋಡಿದರು.

"ಇನ್ನಾ ಹೇಳೂದು ಐತೇನವಾ?"

ದಾನು ತಲೆಯೆತ್ತಿದಳು. "ಐತಿ ಅಪ್ಪಾ."

ಅವರು ಬೆರಳು ತೆಗೆದು, ಬಂದು ಮಗಳ ಪಕ್ಕ ನೆಲದ ಮೇಲೆ ಕುಳಿತರು.